ಯಾರ ಕಡೆಯ ಜೀನ್

ತಮೀಮ ತೀರಿಹೋದ ನಲ್ವತ್ತನೇ ದಿನದ ಊಟಕ್ಕೆ ಅವನಿಗೆ ಪ್ರಿಯವಾದುದನ್ನೇ ಮಾಡಿಸಿದ್ದರು: ತುಪ್ಪದನ್ನ, ಕುರಿ ಮಾಂಸ, ಮಿದುಳಿನ ಫ್ರೈ. ಇನ್ನೂ ಎಳೆಯ ಪ್ರಾಯದಲ್ಲೇ ಅವನ ಹೃದಯದ ರಕ್ತನಾಳ ಕೊಬ್ಬಿನಿಂದ ಮುಚ್ಚಿಹೋಗಿತ್ತು. ಅವನಿಗಾಗಿ ದುಆ ಮಾಡಲು ಬಂದ ನೆಂಟರು ಅದೇ ಕೊಬ್ಬನ್ನು ಭಕ್ತಿಯಿಂದ ತಟ್ಟೆಗೆ ಹಾಕಿಸಿಕೊಂಡರು.

ಕುದ್ರೋಳಿಯ ಆ ಮನೆಯಲ್ಲಿ ತಂದೆ ಝಕರಿಯಾ ಮಾತ್ರ ಊಟಕ್ಕೆ ಕುಳಿತಿರಲಿಲ್ಲ. ಅವರ ಕಣ್ಣು ಉಳಿದ ಒಬ್ಬನೇ ಮಗ ಝಿಯಾದನ ಮೇಲಿತ್ತು. ಇದು ವಂಶದಲ್ಲಿ ಬರುವ ದೋಷ, ತಮ್ಮನ ರಕ್ತವನ್ನು ಕೂಡಲೇ ಪರೀಕ್ಷಿಸಬೇಕು ಎಂದು ಡಾಕ್ಟರು ಹೇಳಿದ್ದರು. ಪರೀಕ್ಷೆ ಇನ್ನೂ ಆಗಿರಲಿಲ್ಲ. ದೋಷ ಯಾರ ವಂಶದ್ದು ಎಂಬುದು ಮೊದಲು ತೀರ್ಮಾನವಾಗಬೇಕಿತ್ತು.

"ನಮ್ಮ ಕಡೆ ಇಂಥದ್ದೆಲ್ಲ ಇಲ್ಲ," ಎಂದರು ಝಕರಿಯಾರ ತಮ್ಮ ಉಸ್ಮಾನ್. ಬಂದರಿನಲ್ಲಿ ಅವರದು ಅಕ್ಕಿಯ ಮಂಡಿ. "ನಮ್ಮ ಬಾಪ ಹೋದದ್ದು ಗ್ಯಾಸಿನಿಂದ."

"ಎದೆ ಹಿಡ್ಕೊಂಡು ಬಿದ್ದದ್ದು ಗ್ಯಾಸಾ?" ಝಿಯಾದನ ತಾಯಿಯ ಅಕ್ಕ ಖತೀಜಮ್ಮ ಒಳಗಿನಿಂದ ಕೇಳಿದರು. "ನಮ್ಮ ಉಮ್ಮ ತೊಂಬತ್ತರಲ್ಲೂ ಎಲುಬು ಕಡೀತಿದ್ರು, ಗೊತ್ತುಂಟಾ ಉಸ್ಮಾನಾಕ?"

ಎರಡೂ ಕಡೆಯವರು ಝಿಯಾದನಿಗೆ ಒಂದೇ ಆಜ್ಞೆ ಕೊಟ್ಟಿದ್ದರು: ಆ ಕಡೆಯವರು ಕೊಡುವ ತನಕ ನೀನು ರಕ್ತ ಕೊಡಬೇಡ. ಹಿರಿಯರಿಗೆ ಎದುರಾಡಿ ಅಭ್ಯಾಸವಿಲ್ಲದ ಅವನು ಇಬ್ಬರಿಗೂ ಆಗಲಿ ಎಂದಿದ್ದ.

ಆಸ್ಪತ್ರೆಯಲ್ಲಿ ಹೌಸ್‌ಸರ್ಜನ್ ಆಗಿದ್ದ, ತನ್ನ ರಕ್ತವನ್ನು ಆಗಲೇ ಪರೀಕ್ಷೆಗೆ ಕೊಟ್ಟಿದ್ದ ಅವನ ತಂಗಿ ಶಾಝಿಯಾ ಬ್ಯಾಗಿನಲ್ಲಿ ಸಿರಿಂಜು ಇಟ್ಟುಕೊಂಡೇ ಬಂದಿದ್ದಳು.

"ಕಾಕ, ನಿಮ್ಮ ಮಂಡಿಗೆ ಲಾರಿ ಬಂತು. ಮೂಟೆ ಇಳಿಸುವ ಆಳು ಅರ್ಧವೇ ಇದ್ರೆ ಎಂತ ಆಗ್ತದೆ?"

"ಎಂತ ಆಗುದು? ರಸ್ತೆ ಬ್ಲಾಕ್. ನಂತೂರು ಸರ್ಕಲಿನ ಹಾಗೆ."

"ಅದೇ. ಲಿವರಿನ ಜೀವಕೋಶದ ಮೇಲೆ ರಿಸೆಪ್ಟರ್ ಅಂತ ಉಂಟು. ರಕ್ತದಿಂದ ಕೊಲೆಸ್ಟರಾಲ್ ಇಳಿಸಿಕೊಳ್ಳುವ ಆಳುಗಳು. ಅವರನ್ನು ಕೂಗಿ ಕರೆಯುವ ಮೇಸ್ತ್ರಿಯೇ ಜೀನ್. ಬಾಪನಿಂದ ಒಬ್ಬ, ಉಮ್ಮನಿಂದ ಒಬ್ಬ. ಅಣ್ಣನಲ್ಲಿ ಒಬ್ಬನಿಗೆ ಸ್ವರವೇ ಇರ್ಲಿಲ್ಲ. ಅದಕ್ಕೆ ಆಳು ಅರ್ಧ. ಮಾತ್ರೆ ತಗೊಂಡ್ರೆ ಒಳ್ಳೆಯ ಮೇಸ್ತ್ರಿ ಜೋರಾಗಿ ಕೂಗ್ತಾನೆ, ಆಳು ಹೆಚ್ಚಾಗ್ತದೆ."

ಉಸ್ಮಾನ್ ಯೋಚಿಸಿದರು. "ಹಾಗಾದ್ರೆ ಆ ಒಳ್ಳೆಯ ಮೇಸ್ತ್ರಿ ನಮ್ಮ ಕಡೆಯವ."

"ಅಲ್ಲ, ನಮ್ಮವ!" ಒಳಗಿನಿಂದ ಉತ್ತರ ಬಂತು.

ಝಕರಿಯಾ ಎದ್ದು ಬಂದು ಅಂಗಿಯ ತೋಳು ಮಡಚಿದರು. "ತೆಗಿ ಮಗಳೇ."

"ಇವತ್ತು ಊಟದ ದಿನ, ಎಂತ ಮಾಡ್ತಾ ಇದ್ದೀರಿ?" ಉಸ್ಮಾನ್ ಗಾಬರಿಯಾದರು.

"ಅಲ್ಲಾಹು ಇಬ್ಬರು ಗಂಡುಮಕ್ಕಳನ್ನು ನನ್ನ ಕೈಯಲ್ಲಿ ನಂಬಿ ಅಮಾನತ್ ಇಟ್ಟಿದ್ದ, ಜೋಪಾನ ಮಾಡು ಅಂತ. ಒಬ್ಬನನ್ನು ತಿರುಗಿ ತಗೊಂಡ. ಇನ್ನೊಬ್ಬನ ವಿಷಯ ನಾಳೆ ಕೇಳಿದ್ರೆ, ಯಾರ ಕಡೆ ಅಂತ ಜಗಳ ಮುಗೀಲಿಲ್ಲ, ಕಾಯ್ತಾ ಇದ್ದೆ ಅಂತ ಹೇಳ್ಲಾ? ದೋಷ ನನ್ನದೇ. ಪರೀಕ್ಷೆಯಲ್ಲಿ ಎಂತ ಬಂದ್ರೂ ನನ್ನದೇ. ಆಯ್ತಲ್ಲ?"

ಗೆದ್ದವರು ಯಾರೆಂದು ಖತೀಜಮ್ಮನಿಗೂ ತಿಳಿಯಲಿಲ್ಲ. ಝಿಯಾದ್ ತಟ್ಟೆಯನ್ನು ಬದಿಗೆ ಸರಿಸಿ, ಕೈ ತೊಳೆದು ಬಂದು, ತಂದೆಯ ಪಕ್ಕದಲ್ಲಿ ಕುಳಿತು ತೋಳು ಚಾಚಿದ. ಝಕರಿಯಾ ಮಗನ ಇನ್ನೊಂದು ಕೈಯನ್ನು ಹಿಡಿದುಕೊಂಡೇ ಇದ್ದರು. ಸೂಜಿ ಹೊರಬಂದ ಮೇಲೂ ಬಿಡಲಿಲ್ಲ.

ಹೊರಡುವಾಗ ಉಸ್ಮಾನ್ ಶಾಝಿಯಾಳನ್ನು ಗೇಟಿನ ಬಳಿ ತಡೆದರು.

"ಆ ಮೇಸ್ತ್ರಿ ಮಾತ್ರೆ... ನನಗೂ ಒಂದು ಚೀಟಿ ಬರೆದು ಕೊಡು. ಆದ್ರೆ ಸಕ್ಕರೆ ಕಾಯಿಲೆಗೆ ಅಂತ ಬರಿ, ಮಾರಾಯ್ತಿ. ಅದು ಎಲ್ಲ ಮರ್ಯಾದಸ್ಥರ ಮನೆಯಲ್ಲೂ ಉಂಟು."

"ಮೊದಲು ತೋಳು ಮಡಚಿ, ಕಾಕ," ಎಂದಳು ಅವಳು.