ಆ ಬೆಳಿಗ್ಗೆ ಏರಿಸಿದ ಬಾವುಟ

ನನ್ನ ತಮ್ಮನ ಹೆಂಡತಿಗೆ ಕಣ್ಣು ಸರಿಯಿಲ್ಲ ಅಂತ ಊರೆಲ್ಲ ನಂಬಿತ್ತು. ನಂಬಿಸಿದವನು ನಾನು. ಬಾಯಿ ಬಿಡೋಕೆ ಐದು ತಿಂಗಳು ಬೇಕಾಯ್ತು, ಥೂ ನನ್ನ ಜನ್ಮಕ್ಕಿಷ್ಟು.

ನನ್ನ ಕೆಲಸ ಹೇಳೋಕೆ ಸುಲಭ. ಮನೆಗಳು ಮುಗಿದು ಕಾಡು ಶುರುವಾಗೋ ಕಡೆ ಉದ್ದಕ್ಕೂ ಒಂದು ಮರಳಿನ ಪಟ್ಟಿ ಇದೆ, ನಾಲ್ಕು ಹೆಜ್ಜೆ ಅಗಲ. ದಿನಾ ಸಂಜೆ ಹಲಗೆ ಎಳೆದು ಅದನ್ನ ನುಣ್ಣಗೆ ಮಾಡಬೇಕು. ಬೆಳಿಗ್ಗೆ ಹುಲಿ ಹೆಜ್ಜೆ ಮೂಡಿದ್ದರೆ ಕಂಬಕ್ಕೆ ಕೆಂಪು ಬಾವುಟ, ಇಲ್ಲದಿದ್ದರೆ ಹಸಿರು. ಹಸಿರು ಕಂಡರೆ ಜನ ಹುಲ್ಲು ಕೊಯ್ಯೋಕೆ ಒಳಗೆ ಹೋಗ್ತಾರೆ. ಕೆಂಪು ಕಂಡರೆ ಮನೇಲಿ ಕೂತು ನನ್ನ ಬೈತಾರೆ.

ಆ ವಾರ ನಾಲ್ಕು ದಿನ ಒಂದೇ ಸಮ ಕೆಂಪು. "ಹುಲಿ ಏನು ನಿಮ್ಮ ಬೀಗರ ಕಡೆಯದಾ? ದಿನಾ ಕರೆಸ್ಕೋತೀಯಲ್ಲ" ಅಂದ ಚಹಾ ಅಂಗಡಿಯವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೋ ಮೂಗಿನ ತುದೀಲೇ ಕೋಪ. ಇವರಿಗೋಸ್ಕರ ನಾನ್ಯಾಕೆ ಬೆನ್ನು ಮುರ್ಕೋಬೇಕು ಅಂತ ಆ ಸಂಜೆ ಹಲಗೆ ಮುಟ್ಟಲೇ ಇಲ್ಲ.

ಬೆಳಿಗ್ಗೆ ನೋಡಿದರೆ ಮರಳಲ್ಲಿ ಹೆಜ್ಜೆಗಳಿವೆ. ನಿನ್ನೆಯವೋ, ಇವತ್ತಿನವೋ? ಸಂಜೆ ಹಲಗೆ ಎಳೆದಿದ್ದರೆ ತಾನೆ ಗೊತ್ತಾಗೋದು. ನಿನ್ನೆಯವೇ ಅಂತ ನನಗೆ ನಾನೇ ಹೇಳ್ಕೊಂಡು ಹಸಿರು ಏರಿಸಿದೆ.

ಎಲ್ಲರಿಗಿಂತ ಮುಂಚೆ ಹೊರಟವಳು ನನ್ನ ತಮ್ಮನ ಹೆಂಡತಿ. ಕೂಸು ಏಳೋದರೊಳಗೆ ಒಂದು ಹೊರೆ ಕೊಯ್ದು ತರೋದು ಅವಳ ರೂಢಿ. ಕಂಬದ ಹತ್ತಿರ ನಿಂತು ತಲೆ ಎತ್ತಿ ನೋಡಿ ಹೋಗಿದ್ದನ್ನ ನಾನು ಪಕ್ಕದ ನನ್ನ ಕಾವಲು ಗುಡಿಸಲಿನ ಕಿಟಕಿಯಿಂದ ಕಂಡೆ.

ಅವಳು ಚೀರಿದ್ದು ಕೇಳಿದ ತಕ್ಷಣ ನಾನು ಕಾಡಿನ ಕಡೆ ಓಡಬೇಕಿತ್ತು. ಓಡಲಿಲ್ಲ. ಮೊದಲು ಹಸಿರು ಇಳಿಸಿ ಕೆಂಪು ಏರಿಸಿದೆ, ಆಮೇಲೆ ಓಡಿದೆ. ತಗಡು ಬಡಿದು ಕೂಗಾಡಿದ್ದಕ್ಕೆ ಹುಲಿ ಅವಳನ್ನ ಬಿಟ್ಟು ಹೋಯ್ತು. ಜೀವ ಉಳೀತು, ಎಡಗೈ ಮಾತ್ರ ಬಲ ಕಳ್ಕೊಂಡಿತು. ಓಡಿ ಬಂದ ಜನರ ಕಣ್ಣಿಗೆ ಬಿದ್ದದ್ದು ಕೆಂಪು ಬಾವುಟ.

ಆಸ್ಪತ್ರೆಯಲ್ಲಿ ಅವಳು "ಹಸಿರಿತ್ತು" ಅಂದಳು. ತಮ್ಮ ನನ್ನ ಮುಖ ನೋಡಿದ. ನಾನು ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಬಾಯಿಬಿಟ್ಟು ಸುಳ್ಳು ಹೇಳಲಿಲ್ಲವಲ್ಲ ಅಂತ ಸಮಾಧಾನ ಬೇರೆ ಮಾಡ್ಕೊಂಡೆ. "ಅಣ್ಣ ಅಂಥ ತಪ್ಪು ಮಾಡೋನಲ್ಲ. ನಿನಗೇ ಬಣ್ಣ ಗೊತ್ತಾಗ್ತಿಲ್ಲ" ಅಂದ ಅವನು.

ಗಾಯ ಒಣಗಿದ ಮೇಲೂ ಅವಳನ್ನ ಒಲೆ ಹತ್ತಿರ ಬಿಡಲಿಲ್ಲ. ಕೂಸನ್ನ ಕೈಗೆ ಕೊಡಲಿಲ್ಲ, ಪಕ್ಕದಲ್ಲಿ ಮಲಗಿಸಿ ಹಾಲು ಕುಡಿಸೋದಷ್ಟೇ. ನಮ್ಮಮ್ಮ ಅಂತೂ ಅವಳು ಎದ್ದರೆ ಸಾಕು, "ಕಣ್ಣು ಕಾಣದೋಳು ಸುಮ್ನೆ ಕೂತಿರು" ಅಂತಿದ್ದಳು. ಅವಳೂ ಹಾಗಂತಲೇ ನಂಬಿಬಿಟ್ಟಳು. ಇಷ್ಟೆಲ್ಲ ನೋಡ್ಕೊಂಡೂ ನಾನು ನಿಜ ಹೇಳಲಿಲ್ಲ.

ನಿನ್ನೆ ಮಧ್ಯಾಹ್ನ ತಮ್ಮನ ಮನೆಗೆ ಹೋದಾಗ ಅವಳು ಬಾಗಿಲಲ್ಲಿ ಕೂತು ಒಂದೇ ಕೈಯಲ್ಲಿ ಕೂಸಿನ ಬಟ್ಟೆ ಮಡಚ್ತಿದ್ದಳು. ಒಂದು ಅಂಗಿ ಎತ್ತಿ ಹಿಡಿದಳು.

"ಭಾವ, ಇದು ಕೆಂಪಾ, ಹಸಿರಾ? ನನಗೇನೋ ಕೆಂಪು ಅನ್ಸುತ್ತೆ. ನನ್ನ ಮಾತು ನಂಬೋಕಾಗಲ್ವಲ್ಲ" ಅಂತ ನಕ್ಕಳು.

"ಕೆಂಪೇ ಕಣಮ್ಮ" ಅಂದೆ. "ಆವತ್ತು ಇದ್ದಿದ್ದೂ ನೀನು ಹೇಳಿದ ಹಾಗೆ ಹಸಿರೇ. ಏರಿಸಿದ್ದೂ ನಾನೇ, ಬದಲಾಯಿಸಿದ್ದೂ ನಾನೇ."

ಬೈದರೆ ಸಾಕಪ್ಪ ಅಂತ ಕಾದೆ. ಅವಳು ಬೈಯಲಿಲ್ಲ.

"ಹಾಗಾದ್ರೆ ನನ್ನ ಕಣ್ಣು ಚೆನ್ನಾಗಿದೆಯಾ ಭಾವ?"

"ಚೆನ್ನಾಗಿದೆಯಮ್ಮ."

ಎದ್ದು ಒಳಗೆ ಹೋದಳು. ಅಮ್ಮನ ತೊಡೆಯಿಂದ ಕೂಸನ್ನ ಬಲಗೈಯಲ್ಲಿ ಬಾಚಿಕೊಂಡು ಬಂದಳು. "ಬೀಳಿಸ್ತೀಯ" ಅಂತ ಅಮ್ಮ ಹಿಂದೆ ಬಂದಳು, ಅಮ್ಮನ ಹಿಂದೆ ತಮ್ಮ.

"ಈಗ ಇವರ ಮುಂದೆ ಹೇಳಿ" ಅಂದಳು.

ಹೇಳೋಕೆ ಶುರು ಮಾಡಿದೆ. ಅರ್ಧಕ್ಕೇ ತಮ್ಮನ ಮುಖ ಕಪ್ಪಿಟ್ಟಿತು. "ಸಾಕು ಅಣ್ಣ" ಅಂದ.

"ಸಾಕಾಗಿಲ್ಲ, ಪೂರ್ತಿ ಹೇಳಲಿ" ಅಂದಳು ಅವಳು.