ಹಸಿರು ಗುಂಡಿ

ಹರಿಹರದ ಆ ಹೈಸ್ಕೂಲಿಗೆ ಸ್ಮಾರ್ಟ್ ಬೋರ್ಡ್ ಬಂದ ದಿನ ತುಂಗಭದ್ರೆ ಹರಿಯುವುದನ್ನೂ ಮರೆತು ಕತ್ತೆತ್ತಿ ನೋಡಿತಂತೆ. ಮಾಸ್ತರುಗಳು ಮಾತ್ರ ಕತ್ತು ಎತ್ತಲಿಲ್ಲ. ಮಹಡಿ ಮೇಲಿನ ಗೋಡೆಗೆ ಬಿಗಿದಿದ್ದ ಆ ಆನೆಗಾತ್ರದ ಕರಿಗಾಜನ್ನು ಕಂಡು ಅರ್ಧ ಜನ ರಜೆ ಚೀಟಿ ಬರೆದರು. ಗಣಿತದ ಸುಧಾ ಟೀಚರ್ ಧೈರ್ಯ ಮಾಡಿ ಹೋಗಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬರೆದು ಬಂದರು.

ಅದನ್ನು ಒರೆಸಿದವನು ಗ್ರಂಥಪಾಲಕ ಶಬ್ಬೀರ್. ದಾವಣಗೆರೆಯ ಸರಸ್ವತಿ ನಗರದಿಂದ ದಿನಾ ಬಸ್ಸಿನಲ್ಲಿ ಬರುವ ಈ ಮಹಾಶಯ ಕಣ್ಣುಮುಚ್ಚಿ ಪುಸ್ತಕ ಮೂಸಿ, ಅದು ಯಾವ ಕಪಾಟಿನದು, ಯಾವ ಹುಡುಗಿ ಅದನ್ನು ಓದಿ ಅತ್ತಿದ್ದಳು ಎಂದೆಲ್ಲ ಹೇಳುತ್ತಿದ್ದ. ಇಂಥವನಿಗೆ ಬೋರ್ಡು ಯಾವ ಲೆಕ್ಕ? ವಾರದೊಳಗೆ ಅದರ ಹೊಟ್ಟೆಯಲ್ಲೆಲ್ಲ ಓಡಾಡಿ ಬಂದ. ಮಾಸ್ತರುಗಳಿಗೆ ಕಲಿಸುವ ಕೆಲಸವನ್ನು ಹೆಡ್ಮಾಸ್ಟರು ಅವನ ಕೊರಳಿಗೇ ಕಟ್ಟಿದರು.

ಬೋರ್ಡಿಗೋ ಕೇಳುವ ಚಟ. ಅದನ್ನು ಹಾಕಲೇ, ಇದನ್ನು ತೆಗೆಯಲೇ ಎಂದು ಪಾಠದ ನಡುವೆ ಇಂಗ್ಲಿಷಿನಲ್ಲಿ ಏನಾದರೂ ಕೇಳುತ್ತಿತ್ತು.

"ಶಬ್ಬೀರಣ್ಣಾ, ಮತ್ತೆ ಏನೋ ಕೇಳಾಕತ್ತೈತೆ, ಬರ್ರಿ!"

ಮೆಟ್ಟಿಲು ಹತ್ತಿ ಇಳಿದು ಅವನ ಚಪ್ಪಲಿ ಹಪ್ಪಳವಾಯಿತು. ಕೊನೆಗೊಂದು ದಿನ ಸ್ಟಾಫ್ ರೂಮಿನಲ್ಲಿ ಸಾರಿಯೇಬಿಟ್ಟ.

"ನೋಡ್ರಿ, ಅದು ಏನ್ ಕೇಳಿದ್ರೂ ಹೆದರಬ್ಯಾಡ್ರಿ. ಕೆಳಗ ಹಸಿರು ಗುಂಡಿ ಐತಲ್ಲ, ಒತ್ತಿಬಿಡ್ರಿ. ಮುಗೀತು."

"ಏನ್ ಕೇಳಿದ್ರೂನಾ?" ಎಂದರು ಸುಧಾ.

"ಮನಿ ಬರಕೊಡು ಅಂದ್ರೂ ಒತ್ರಿ ಟೀಚರ್!"

ನಗು ಸೇತುವೆಯಾಚೆಗೂ ಕೇಳಿಸಿತು. ಶಬ್ಬೀರನಿಗೆ ಅಂದಿನಿಂದ ಮೆಟ್ಟಿಲ ಕಾಟ ತಪ್ಪಿತು.

ಅಂದು ಎಲ್ಲರ ಜೊತೆ ನಕ್ಕರೂ ಬೋರ್ಡಿನ ಹತ್ತಿರ ಸುಳಿಯದೇ ಉಳಿದವರು ಕನ್ನಡ ಮೇಷ್ಟ್ರು ವಾಮದೇವಪ್ಪ ಒಬ್ಬರೇ. ಅವರಿಗೆ ಯಂತ್ರವೇಕೆ? ಅವರು ಷಟ್ಪದಿ ಎತ್ತಿದರೆ ಪಕ್ಕದ ಸಾರಥಿ ಎಂಬ ಹಳ್ಳಿಯ ಹೊಲದಲ್ಲಿ ಎತ್ತುಗಳು ನಿಂತು ಕಿವಿ ನಿಮಿರಿಸುತ್ತಿದ್ದವು. ಅಂಥ ಗಂಟಲಿಗೇ ಗಂಟು ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ದಾವಣಗೆರೆಯ ಡಾಕ್ಟರು. ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಮಾತಿಲ್ಲದ ಮೇಷ್ಟ್ರನ್ನು ಆಫೀಸಿನಲ್ಲಿ ಫೈಲು ಜೋಡಿಸಲು ಕೂರಿಸುವುದೆಂದು ಶಾಲೆ ಆಗಲೇ ಮಾತಾಡಿಕೊಳ್ಳುತ್ತಿತ್ತು.

ಶಬ್ಬೀರ್ ಅವರ ಮುಂದೆ ಹೋಗಿ ಕೂತ.

"ಆಪರೇಷನ್ನಿಗೆ ಮೊದಲು ಪಾಠ ಅಷ್ಟೂ ಹೇಳಿಬಿಡ್ರಿ ಮೇಷ್ಟ್ರೇ. ಬೋರ್ಡು ಹಿಡಿದಿಟ್ಕೊಳ್ತೈತೆ. ಆಮೇಲೆ ನೀವು ನಿಂತು ಹಚ್ಚಿದ್ರಾತು. ಕ್ಲಾಸು ನಿಮ್ದೇ."

"ನನ್ನ ಉಪ್ಪಿನಕಾಯಿ ಹಾಕಾಕ ಬಂದೀರೇನ್ರಿ ಸಾಬ್ರೇ?"

"ಹೂಂ. ವರ್ಷಾನುಗಟ್ಟಲೆ ಕೆಡಬಾರದಲ್ಲ."

ಮೇಷ್ಟ್ರು ನಕ್ಕರು, ಕೆಮ್ಮಿದರು, ಒಪ್ಪಿದರು. ಧ್ವನಿ ಹೇಗೆ ಬರುತ್ತದೆಂದು ಶಬ್ಬೀರ್ ಮೊದಲು ತನ್ನ ಮೊಬೈಲಿನಲ್ಲಿ ಒಂದೆರಡು ಮಾತು ಹಿಡಿದು ನೋಡಿದ. ಆಮೇಲೆ ಶಾಲೆ ಬಿಟ್ಟ ಮೇಲೆ ಪ್ರತಿ ಸಂಜೆ ಬೋರ್ಡಿನ ಮುಂದೆ ಪಾಠ. ಒಡೆದ ಗಂಟಲಿನಲ್ಲೂ ಆ ಪದ್ಯಗಳು ಕಿಟಕಿಯ ಗಾಜು ನಡುಗಿಸಿದವು. ಇದರದ್ದೊಂದು ಪ್ರತಿ ಬೇರೆ ಕಡೆಯೂ ತೆಗೆದಿಡಬೇಕು ಎಂದು ಶಬ್ಬೀರನಿಗೆ ಅನ್ನಿಸದೇ ಇರಲಿಲ್ಲ. ಬೋಲ್ಟು ಹಾಕಿ ಗೋಡೆಗೆ ಬಿಗಿದದ್ದು ಎಲ್ಲಿ ಓಡಿಹೋಗುತ್ತದೆ, ನಾಳೆ ನೋಡಿದರಾಯಿತು ಎಂದುಕೊಂಡ.

ಆಪರೇಷನ್ ಆಯಿತು. ಕೊರಳಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಮೇಷ್ಟ್ರು ತರಗತಿಗೇ ಬಂದರು. ತಾವೇ ಬೋರ್ಡು ಹಚ್ಚಿ ಪಕ್ಕದಲ್ಲಿ ನಿಂತರು. ಅವರ ಧ್ವನಿ ಗೋಡೆಯಿಂದ ಹೊರಟು ಪದ್ಯ ಹಾಡುತ್ತಿದ್ದರೆ ಅವರ ಬೆರಳು ಗಾಳಿಯಲ್ಲಿ ತಾಳ ಹಾಕುತ್ತಿತ್ತು, ತುಟಿಗಳು ಜೊತೆಗೆ ಅಲುಗುತ್ತಿದ್ದವು. ಫೈಲಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಶಬ್ಬೀರನ ಎದೆ ಉಬ್ಬಿ ಅಂಗಿಯ ಗುಂಡಿಗಳು ಕಿತ್ತುಹೋದವು.

ಹೀಗಿರುವಾಗ ಒಂದು ಸೋಮವಾರ ಮೇಷ್ಟ್ರು ತಾವೇ ಗ್ರಂಥಾಲಯಕ್ಕೆ ಇಳಿದು ಬಂದರು. ಶಬ್ಬೀರನ ಮುಂಗೈ ಹಿಡಿದು ಮೇಲೆ ಕರೆದೊಯ್ದರು. ಮಕ್ಕಳೆಲ್ಲ ಬೋರ್ಡಿನತ್ತ ಬೆರಳು ಮಾಡಿದರು. ಬೋರ್ಡು ಖಾಲಿ.

"ಏನಾತು?"

ಮುಂದಿನ ಬೆಂಚಿನ ಐಶ್ವರ್ಯ ಎದ್ದು ನಿಂತಳು. "ಜಾಗ ತುಂಬೇತಿ, ಹಳೇದೆಲ್ಲಾ ಅಳಿಸ್ಲಾ ಅಂತ ಕೇಳ್ತು ಸಾರ್. ಬ್ಯಾಡ್ರಿ ಅಂದ್ವಿ. ಸಾರು ಕೆಳಗ ನಿಮ್ಮ ಲೈಬ್ರರಿ ಕಡೆ ಕೈ ತೋರಿಸಿ ಹಸಿರು ಗುಂಡಿ ಒತ್ತಿಬಿಟ್ರು."

ಮೇಷ್ಟ್ರು ಹೌದೆಂದು ತಲೆಯಾಡಿಸಿದರು. ಹಸಿರು ಗುಂಡಿ ತೋರಿಸಿದರು, ಶಬ್ಬೀರನನ್ನು ತೋರಿಸಿದರು. ಆಮೇಲೆ ಎರಡೂ ಅಂಗೈ ಚಾಚಿ, ಎಲ್ಲಿ ಎಂದು ಕೇಳಿದರು.

ಶಬ್ಬೀರ್ ಹುಡುಕಿದ. ಆ ಹುಡುಕಾಟಕ್ಕೆ ಹೊಳೆಯ ತಳದಲ್ಲಿ ಬಿದ್ದ ಮೂಗುಬೊಟ್ಟೂ ಸಿಗಬೇಕಿತ್ತು. ಬೋರ್ಡು ಕೂಡಿಸಿದವರಿಗೆ ಫೋನು ಮಾಡಿದ. ಹೋದದ್ದು ಹೋಯಿತು ಎಂದರು.

"ನಿಮ್ಮ ತಪ್ಪಲ್ಲ ಮೇಷ್ಟ್ರೇ," ಎಂದ. "ನಾನ... ನಾನ ಹೇಳಿದ್ದು."

ಬಯ್ಯಬೇಕೆಂದರೂ ಮೇಷ್ಟ್ರ ಬಳಿ ಈಗ ಏನಿತ್ತು? ಅವನ ಹೆಗಲ ಮೇಲೊಮ್ಮೆ ಕೈಯಿಟ್ಟು, ಇನ್ನೊಂದು ಕೈಯಲ್ಲಿ ಮಕ್ಕಳನ್ನು ತೋರಿಸಿದರು. ಪೀರಿಯಡ್ ಇನ್ನೂ ಮುಗಿದಿರಲಿಲ್ಲ.

ಶಬ್ಬೀರನ ಕೈ ಜೇಬಿಗೆ ಹೋಯಿತು. ಮೊಬೈಲಿನಲ್ಲಿದ್ದುದು ಆ ಮೊದಲ ದಿನ ಧ್ವನಿ ನೋಡಲೆಂದು ಹಿಡಿದ ಒಂದೆರಡು ಮಾತಷ್ಟೇ, ಪಾಠವಲ್ಲ. ಅದನ್ನು ಮೇಜಿನ ಮೇಲಿಟ್ಟು ಒತ್ತಿದ.

"ಕೇಳ್ತೈತೇನ್ರಿ?" ಎಂದಿತು ವಾಮದೇವಪ್ಪ ಮೇಷ್ಟ್ರ ಧ್ವನಿ. "ಹಿಂದಿನ ಬೆಂಚಿನವ್ರಿಗೂ ಕೇಳ್ತೈತೇನ್ರಿ?"

"ಕೇಳ್ತೈತಿ ಸಾರ್!" ಇಡೀ ತರಗತಿ ಒಕ್ಕೊರಲಿನಲ್ಲಿ ಕೂಗಿತು.

ಮೇಷ್ಟ್ರ ಬೆರಳು ತಾಳಕ್ಕೆಂದು ತಾನಾಗಿಯೇ ಮೇಲೆದ್ದಿತು. ಮಕ್ಕಳು ಪುಸ್ತಕ ತೆರೆದು, ಪಾಠ ಶುರುವಾಗಲೆಂದು ಕಾದರು.