ಭತ್ತದ ಮೂಟೆಯ ಸವಾರ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ಷಣ್ಮುಖಪ್ಪನಿಗೆ ಆ ತಿಂಗಳಿಡೀ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಚಿಕ್ಕಮಗಳೂರಿನ ಕಡೆ ಕಾಫಿ ಎಸ್ಟೇಟಿನ ಸಾಹುಕಾರರೊಬ್ಬರು ಅತಿಥಿಗಳಿಗೆ ಕೋಣೆ ಕೊಟ್ಟು, ಕುದುರೆ ಸವಾರಿಯನ್ನೂ ಮಾಡಿಸುತ್ತಾರೆಂದು ಪತ್ರಿಕೆಯಲ್ಲಿ ಓದಿದ್ದೇ ಇದಕ್ಕೆಲ್ಲ ಕಾರಣ. ದಸರೆಗೆ ಕಾರ್ಖಾನೆಗೆ ಎರಡು ದಿನ ರಜಾ. ಅದೇ ಎರಡು ದಿನಕ್ಕೆ ಬರ್ತೀನಿ ಅಂತ ಕಾಗದ ಬರೆದ. ಶಿವಮೊಗ್ಗಕ್ಕೆ ಹೋಗಿ ಬೂಟ್ಸು ತಂದ. ಜಗಲಿಕಟ್ಟೆಯ ಮೇಲೆ ಭತ್ತದ ಮೂಟೆ ಹಾಕಿ, ಹಗ್ಗದ ಲಗಾಮು ಕಟ್ಟಿ, ದಿನಾ ಸಂಜೆ ಅದರ ಮೇಲೆ ಕೂತು ಎಗರಿದ.

ಹೆಂಡತಿ ದಾಕ್ಷಾಯಣಿಯ ತವರಲ್ಲಿ ಕುದುರೆ ಇತ್ತು; ಅವಳಪ್ಪ ಸಂತೆಗೆ ಅದರ ಮೇಲೇ ಹೋಗುತ್ತಿದ್ದರು. "ಒಂದು ಮಾತು ಕೇಳ್ರೀ, ಹಬ್ಬದ ದಿನ ಕುದುರೆನ..." ಅಂತ ಅವಳು ಶುರು ಮಾಡಿದಾಗಲೆಲ್ಲ, "ಅಡ್ಡಬಾಯಿ ಹಾಕಬೇಡ ಮಾರಾಯ್ತಿ!" ಎಂದು ಮೂಟೆಯನ್ನು ಹಿಮ್ಮಡಿಯಿಂದ ತಿವಿಯುತ್ತಿದ್ದ.

ಹಬ್ಬಕ್ಕೆ ಮೂರು ದಿನ ಇರುವಾಗ ಎಸ್ಟೇಟಿನಿಂದ ಉತ್ತರ ಬಂತು: "ಆಯುಧಪೂಜೆ, ವಿಜಯದಶಮಿ ಎರಡೂ ದಿನ ನಮ್ಮ ಕುದುರೆಗಳಿಗೆ ಪೂಜೆ. ಯಾರೂ ಹತ್ತುವ ಹಾಗಿಲ್ಲ. ದರ್ಶನಕ್ಕೆ ಬರಬಹುದು."

"ಕುದುರೆಗೂ ರಜಾನಾ!" ಎಂದು ಷಣ್ಮುಖಪ್ಪ ಕಿರುಚಿದ.

"ನಿಮ್ಮ ಲೇತಿಗೆ ಹೂವು ಮುಡಿಸಿ ರಜಾ ಕೊಡ್ತೀರಿ, ಕುದುರೆಗೆ ಬೇಡ್ವಾ? ನಾನು ಬಡ್ಕೊಂಡಿದ್ದು ಅದನ್ನೇ," ಎಂದಳು ದಾಕ್ಷಾಯಣಿ.

ಆಯುಧಪೂಜೆಯ ಬೆಳಗ್ಗೆ ಚಡಪಡಿಕೆ ತಾಳಲಾರದೆ ಅವನು ಬೂಟ್ಸು ಮೆಟ್ಟಿ ಜಗಲಿಗೆ ಬಂದ. ಅವಳು ಆಗಲೇ ಮೂಟೆಗೆ ವಿಭೂತಿ ಬಳಿದು, ಸೇವಂತಿಗೆ ಹಾರ ಹಾಕಿ, ಊದುಬತ್ತಿ ಬೆಳಗುತ್ತಿದ್ದಳು.

"ಬೂಟ್ಸು ಬಿಚ್ಚಿ ಕೈ ಮುಗೀರಿ," ಎಂದಳು. "ಇವತ್ತು ಇದನ್ನೂ ಹತ್ತೋ ಹಾಗಿಲ್ಲ."